ಸುಧಾರಣೆಗೆ ಅಡ್ಡ ನಿಲ್ಲುವವರು ಯಾರು, ಯಾಕೆ?

2025ರ ಸೆಪ್ಟೆಂಬರ್ 2ರಿಂದ ಬೆಂಗಳೂರಿನಲ್ಲಿ ಬಿಬಿಎಂಪಿ ಇಲ್ಲ. ಅದರ ಜಾಗದಲ್ಲಿ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಅಂತ ಐದು ನಗರ ಪಾಲಿಕೆಗಳು ಬಂದಿವೆ. ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅಂದರೆ ಜಿಬಿಎ. ಅದಕ್ಕೆ ಸುಮಾರು ಒಂದು ವರ್ಷ ಮೊದಲು, 2024ರ ಅಕ್ಟೋಬರ್‌ನಲ್ಲಿ, ನಗರದಲ್ಲಿ ಆಸ್ತಿ ನೋಂದಣಿಗೆ ಇ-ಖಾತಾ, ಅಂದರೆ ಪಾಲಿಕೆಯ ಆಸ್ತಿ ದಾಖಲೆಯ ಡಿಜಿಟಲ್ ರೂಪ, ಕಡ್ಡಾಯ ಆಯಿತು. ಎರಡಕ್ಕೂ ಸಾಕಷ್ಟು ವಿರೋಧ ಬಂತು. ಸದನದಲ್ಲೂ ಬಂತು, ಸಬ್‌ ರಿಜಿಸ್ಟ್ರಾರ್ ಕಚೇರಿಯ ಮುಂದಿನ ಟೀ ಅಂಗಡಿಯಲ್ಲೂ ಬಂತು.

ಇಂಥ ವಿರೋಧ ನೋಡಿದಾಗ ನಮ್ಮ ಹತ್ತಿರ ಎರಡು ರೆಡಿಮೇಡ್ ಉತ್ತರ ಇರುತ್ತವೆ. "ತಿನ್ನೋದಕ್ಕೆ ಆಗಲ್ಲ ಅಂತ ಕೂಗಾಡ್ತಾರೆ" ಅನ್ನೋದು ಒಂದು. "ಜನಕ್ಕೆ ಬದಲಾವಣೆನೇ ಬೇಡ" ಅನ್ನೋದು ಇನ್ನೊಂದು. ಎರಡರಲ್ಲೂ ಸ್ವಲ್ಪ ನಿಜ ಇದೆ. ಆದರೆ ಒಂದು ಸುಧಾರಣೆ ಸಲೀಸಾಗಿ ನಡೆದು, ಇನ್ನೊಂದು ಹತ್ತು ವರ್ಷ ಕಡತದಲ್ಲೇ ಕೊಳೆಯೋದು ಯಾಕೆ ಅಂತ ಕೇಳಿದರೆ ಇವೆರಡೂ ಉತ್ತರ ಕೊಡುವುದಿಲ್ಲ. ಅದಕ್ಕೆ ಸ್ವಲ್ಪ ಬುಡದಿಂದ ನೋಡಬೇಕು.

ಮೊದಲು, ಸುಧಾರಣೆ ಅಂದರೆ ಏನು?

ಹೊಸ ರಸ್ತೆ ಹಾಕುವುದು, ಮೇಲ್ಸೇತುವೆ ಕಟ್ಟುವುದು ಸುಧಾರಣೆ ಅಲ್ಲ. ಅದು ಕಾಮಗಾರಿ. ಕಾಮಗಾರಿಯಲ್ಲಿ ಹಣ ಹೊಸದಾಗಿ ಬರುತ್ತದೆ. ಅದರಲ್ಲಿ ಎಲ್ಲರಿಗೂ ಒಂದೊಂದು ಪಾಲು ಸಿಗಬಹುದು. ಸುಧಾರಣೆ ಅಂದರೆ ನಿಯಮ ಬದಲಾಯಿಸುವುದು. ಯಾರು ತೀರ್ಮಾನ ಮಾಡಬೇಕು, ಯಾರ ಸಹಿ ಬೇಕು, ಯಾರು ಯಾರಿಗೆ ಲೆಕ್ಕ ಕೊಡಬೇಕು ಅನ್ನೋದನ್ನು ಬದಲಾಯಿಸುವುದು. ಈಗ ಇರುವ ಅಧಿಕಾರವೇ ಕೈ ಬದಲಾಗಬೇಕು. ಒಬ್ಬರಿಗೆ ಸಿಗಬೇಕಾದರೆ ಇನ್ನೊಬ್ಬರಿಂದ ಹೋಗಲೇಬೇಕು. ರಸ್ತೆಯ ಶಂಕುಸ್ಥಾಪನೆಗೆ ನೂರು ಜನ ಬರುತ್ತಾರೆ, ನಿಯಮ ಬದಲಾವಣೆಗೆ ನಾಲ್ಕು ಜನವೂ ಬರುವುದಿಲ್ಲ.

ಲಾಭ ಹಂಚಿಹೋಗುತ್ತದೆ, ನಷ್ಟ ಒಂದೇ ಕಡೆ ಬೀಳುತ್ತದೆ

ಅರವತ್ತು ಮನೆಗಳ ಒಂದು ಅಪಾರ್ಟ್‌ಮೆಂಟ್ ಅಂದುಕೊಳ್ಳಿ. ಸರ್ಜಾಪುರ ರಸ್ತೆಯಲ್ಲೋ ಹೊರಮಾವಿನಲ್ಲೋ ಇದೆ. ಬೋರ್‌ವೆಲ್ ಬತ್ತಿದೆ, ಟ್ಯಾಂಕರ್ ನೀರು. ಖರ್ಚು ಎಲ್ಲ ಮನೆಗಳಿಗೂ ಸಮ. ಒಬ್ಬರೇ ಇರುವ ಮನೆಗೂ ಅಷ್ಟೇ, ದಿನಾ ಎರಡು ಕಾರು ತೊಳೆಯುವ ಮನೆಗೂ ಅಷ್ಟೇ. ಯಾರೋ ಒಬ್ಬರು ಮನೆಮನೆಗೂ ಮೀಟರ್ ಹಾಕೋಣ ಅಂತಾರೆ. ಲೆಕ್ಕ ಹಾಕಿದರೆ ಐವತ್ತು ಮನೆಗಳಿಗೆ ತಿಂಗಳಿಗೆ ನೂರು ರೂಪಾಯಿ ಉಳಿತಾಯ. ಹತ್ತು ಮನೆಗಳಿಗೆ ಐನೂರು ರೂಪಾಯಿ ಜಾಸ್ತಿ.

ಭಾನುವಾರ ಬೆಳಿಗ್ಗೆ ಮೀಟಿಂಗ್ ಕರೆದರೆ ಯಾರು ಬರ್ತಾರೆ? ನೂರು ರೂಪಾಯಿಗೋಸ್ಕರ ಯಾರೂ ನಿದ್ದೆ ಬಿಟ್ಟು ಬರುವುದಿಲ್ಲ. ಐನೂರು ಕಳೆದುಕೊಳ್ಳುವ ಹತ್ತು ಮನೆಯವರು ಮಾತ್ರ ತಪ್ಪದೆ ಬರುತ್ತಾರೆ. ನೋಡುವವರಿಗೆ ಇಡೀ ಅಪಾರ್ಟ್‌ಮೆಂಟೇ ವಿರೋಧ ಇದೆ ಅನ್ನಿಸುತ್ತದೆ. ಅವರಲ್ಲಿ ಒಬ್ಬರೂ "ನನ್ನ ಬಿಲ್ ಜಾಸ್ತಿ ಆಗುತ್ತೆ" ಅನ್ನುವುದಿಲ್ಲ ಅನ್ನೋದು ಬೇರೆ ಮಾತು. "ಪ್ಲಂಬಿಂಗ್ ಹಳೇದು, ಪೈಪ್ ಒಡೆದರೆ ಯಾರು ಹೊಣೆ?" ಅಂತಾರೆ. ಪ್ರಶ್ನೆ ಸರಿಯಾಗಿಯೇ ಇರುತ್ತದೆ. ಅದಕ್ಕೇ ಉತ್ತರ ಕೊಡೋದು ಕಷ್ಟ.

ಅಮೆರಿಕದ ಅರ್ಥಶಾಸ್ತ್ರಜ್ಞ ಮ್ಯಾನ್ಸರ್ ಓಲ್ಸನ್ 1965ರಲ್ಲಿ ಈ ಲೆಕ್ಕವನ್ನು ಸ್ಪಷ್ಟವಾಗಿ ಮುಂದಿಟ್ಟರು. ದೊಡ್ಡ ಗುಂಪಿಗೆ ಸಿಗುವ ಸಣ್ಣ ಲಾಭಕ್ಕೆ ಸಂಘಟನೆ ಹುಟ್ಟುವುದು ಕಷ್ಟ. ಸಣ್ಣ ಗುಂಪಿಗೆ ಆಗುವ ದೊಡ್ಡ ನಷ್ಟಕ್ಕೆ ಅದು ಸುಲಭವಾಗಿ ಹುಟ್ಟುತ್ತದೆ. ಇದರ ಮೇಲೆ ಮನಸ್ಸಿನ ಒಂದು ಗುಣವೂ ಸೇರುತ್ತದೆ. ಡೇನಿಯಲ್ ಕಾನೆಮನ್, ಆಮೋಸ್ ಟ್ವೆರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲಿ ತೋರಿಸಿದ ಹಾಗೆ, ನೂರು ರೂಪಾಯಿ ಸಿಕ್ಕ ಖುಷಿಗಿಂತ ನೂರು ರೂಪಾಯಿ ಕಳೆದ ನೋವು ಜಾಸ್ತಿ. ಮುಂದಿನ ಪ್ರಯೋಗಗಳಲ್ಲಿ ಅದು ಹೆಚ್ಚುಕಡಿಮೆ ಎರಡು ಪಟ್ಟು ಅಂತ ಕಂಡಿತು.

ಸಮಯದ ಲೆಕ್ಕವೂ ಇದೆ. ನಷ್ಟ ಈ ತಿಂಗಳೇ ಗೊತ್ತಾಗುತ್ತದೆ. ಲಾಭ ಎರಡು ಮೂರು ವರ್ಷ ಆದ ಮೇಲೆ, ಅದೂ ಬಂದರೆ. ಐದು ವರ್ಷಕ್ಕೊಮ್ಮೆ ಓಟು ಕೇಳುವವರಿಗೆ ಇದು ದೊಡ್ಡ ತಲೆನೋವು. ಬೈಗುಳ ಇವರ ಕಾಲಕ್ಕೆ, ಹೊಗಳಿಕೆ ಮುಂದಿನವರ ಕಾಲಕ್ಕೆ.

ಪಹಣಿ ಬರೆಯುವ ಪೆನ್ನು

ಕರ್ನಾಟಕದಲ್ಲಿ ಇದನ್ನು ಹತ್ತಿರದಿಂದ ನೋಡೋದಕ್ಕೆ, ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ತಂದ 'ಭೂಮಿ' ಯೋಜನೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಯಲಹಂಕ, ಆನೇಕಲ್ ಕಡೆ ಸ್ವಲ್ಪ ಜಮೀನು ಇರುವವರಿಗೆಲ್ಲ ಪಹಣಿ ಗೊತ್ತು. ಆರ್‌ಟಿಸಿ ಅಂತಲೂ ಕರೆಯುತ್ತಾರೆ. ಸರ್ವೆ ನಂಬರ್, ವಿಸ್ತೀರ್ಣ, ಮಾಲೀಕರ ಹೆಸರು, ಬೆಳೆ, ಸಾಲ, ಎಲ್ಲ ಒಂದೇ ಹಾಳೆಯಲ್ಲಿ. ಒಂಬತ್ತನೇ ಕಾಲಂನಲ್ಲಿ ಯಾರ ಹೆಸರಿದೆಯೋ ಜಮೀನು ಅವರದ್ದು ಅಂತ ಬ್ಯಾಂಕೂ ನಂಬುತ್ತದೆ, ಕೋರ್ಟೂ ಮೊದಲು ಅದನ್ನೇ ನೋಡುತ್ತದೆ.

2000ದ ಆಸುಪಾಸಿನವರೆಗೆ ಇದನ್ನು ಗ್ರಾಮಲೆಕ್ಕಿಗರು ಕೈಯಲ್ಲಿ ಬರೆಯುತ್ತಿದ್ದರು. ರಾಜ್ಯದಲ್ಲಿ ಸುಮಾರು 9,000 ಗ್ರಾಮಲೆಕ್ಕಿಗರಿದ್ದರು. ದಾಖಲೆ ಪುಸ್ತಕ ಅವರ ವಶದಲ್ಲೇ. ಬೆಳೆ ಸಾಲಕ್ಕೆ ಪಹಣಿ ಬೇಕು ಅಂದರೆ ಅವರನ್ನೇ ಹುಡುಕಿಕೊಂಡು ಹೋಗಬೇಕು. ಸಿಕ್ಕರೆ ಸಿಕ್ಕರು. ಕೆಲಸ ಆಗಬೇಕಾದರೆ ಕೈ ಬೆಚ್ಚಗೆ ಮಾಡಬೇಕು. ಇಲ್ಲಿ ಲಂಚಕ್ಕಿಂತ ಮುಖ್ಯವಾದ ಒಂದು ಸಂಗತಿ ಇದೆ. ಕಾಯಿಸುವ ಅಧಿಕಾರವೇ ಆ ಹುದ್ದೆಯ ಮರ್ಯಾದೆ ಆಗಿತ್ತು. ಆಡಳಿತದ ಭಾಷೆಯಲ್ಲಿ ಇದಕ್ಕೆ ವಿವೇಚನಾಧಿಕಾರ ಅನ್ನುತ್ತಾರೆ. ಕೊಡಬಹುದು, ಕೊಡದೇನೂ ಇರಬಹುದು, ನಾಳೆ ಬಾ ಅನ್ನಬಹುದು.

ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಬಂದವು. ತಾಲ್ಲೂಕು ಕಚೇರಿಯ ಕೌಂಟರ್‌ನಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಪ್ರಿಂಟ್ ಆಗಿ ಕೈಗೆ ಬರುತ್ತಿತ್ತು. ಕಂಪ್ಯೂಟರ್ ಮುಂದೆ ಕೂರುವವರು ಬೆರಳಚ್ಚು ಕೊಟ್ಟು ಒಳಗೆ ಹೋಗಬೇಕು, ಯಾರು ಏನು ತಿದ್ದಿದರು ಅಂತ ಗೊತ್ತಾಗುತ್ತದೆ. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕು. ನಮ್ಮವನ ಅರ್ಜಿ ಮೊದಲು, ಬೇಡದವನದ್ದು ಕೊನೆಗೆ ಅನ್ನುವ ಆಟ ಇಲ್ಲ. ಯೋಜನೆಯ ಜೀವ ಇರೋದು ಈ ಸರದಿ ನಿಯಮದಲ್ಲಿ ಅಂತ ನನಗೆ ಅನ್ನಿಸುತ್ತದೆ. ಪ್ರಿಂಟ್ ಕೊಡುವುದು ಬರೀ ಅನುಕೂಲ, ಸರದಿ ಅಂದರೆ ಅಧಿಕಾರಕ್ಕೇ ಕತ್ತರಿ.

ಇಷ್ಟು ದೊಡ್ಡ ಕತ್ತರಿ ಹಾಕಿದರೂ ಯೋಜನೆ ನಿಂತಿದ್ದು ಹೇಗೆ? ಕಂಪ್ಯೂಟರ್ ಕೇಂದ್ರ ಶುರುವಾದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಬೆಲೆ ಇಲ್ಲ ಅಂತ ಸರ್ಕಾರ ಘೋಷಿಸಿತು. ಹಿಂದೆ ಹೋಗುವ ದಾರಿ ಮುಚ್ಚಿತು. ಹಾಗಂತ ಗ್ರಾಮಲೆಕ್ಕಿಗರ ಹುದ್ದೆ ತೆಗೆಯಲಿಲ್ಲ. ಸಂಬಳ, ಪಿಂಚಣಿ ಹಾಗೇ ಇತ್ತು. ಹಳೆಯ ದಾಖಲೆಯನ್ನು ಕಂಪ್ಯೂಟರಿಗೆ ತುಂಬಿಸಿದ ಮೇಲೆ ಸರಿಯಾಗಿದೆಯಾ ಅಂತ ನೋಡುವ ಕೆಲಸ ಅವರ ಪಾಲಿಗೂ ಬಂತು. ಹೊಲಕ್ಕೆ ಹೋಗಿ ಬೆಳೆ ನೋಡುವುದು ಮೊದಲಿಂದಲೂ ಅವರದ್ದೇ ಕೆಲಸ. ಅಧಿಕಾರದ ಒಂದು ಭಾಗ ಹೋಯಿತು, ಹೊಟ್ಟೆಪಾಡು ಹೋಗಲಿಲ್ಲ.

ಈಗ ಅವರನ್ನು ಗ್ರಾಮ ಆಡಳಿತಾಧಿಕಾರಿ ಅಂತಾರೆ. 2024ರ ಸೆಪ್ಟೆಂಬರ್‌ನಲ್ಲಿ ಅವರು ರಾಜ್ಯಾದ್ಯಂತ ಮುಷ್ಕರಕ್ಕೆ ಇಳಿದರು. ಒಂದು ಮುಖ್ಯ ದೂರು ಮೊಬೈಲ್ ಆ್ಯಪ್‌ಗಳದ್ದು. ಬೆಳೆ ಸಮೀಕ್ಷೆಗೆ ಒಂದು, ಆಧಾರ್ ಜೋಡಣೆಗೆ ಒಂದು, ಮತ್ತೊಂದಕ್ಕೆ ಮತ್ತೊಂದು. ಒಳ್ಳೆಯ ಮೊಬೈಲ್ ಇಲ್ಲ, ಕೂರೋದಕ್ಕೆ ಸರಿಯಾದ ಕಚೇರಿ ಇಲ್ಲ, ಕೆಲಸದ ಒತ್ತಡ ಮಾತ್ರ ಏರುತ್ತಲೇ ಇದೆ ಅನ್ನೋದು ಅವರ ಮಾತು. ಪೆನ್ನು ಹೋಯಿತು ಅನ್ನುವ ಕೋಪ ಇದರಲ್ಲಿಲ್ಲ. ಸುಧಾರಣೆಯ ಖರ್ಚೆಲ್ಲ ಕೆಳಗಿನ ನೌಕರರ ತಲೆಗೆ ಬಂತು ಅನ್ನುವ ಸಿಟ್ಟು ಇದೆ. ಎರಡನ್ನೂ "ಸುಧಾರಣೆಗೆ ವಿರೋಧ" ಅಂತ ಒಂದೇ ಹಣೆಪಟ್ಟಿ ಹಚ್ಚಿದರೆ ಏನೂ ಅರ್ಥ ಆಗುವುದಿಲ್ಲ.

ಗೊತ್ತಿದ್ದ ಕೆಲಸ ಕೈತಪ್ಪಿದಾಗ

ಸಂಸ್ಥೆಗಳ ಒಳಗೆ ಇನ್ನೊಂದು ಬಗೆಯ ನಷ್ಟ ಇರುತ್ತದೆ. ಅದು ದುಡ್ಡಿನದ್ದೂ ಅಲ್ಲ, ಅಧಿಕಾರದ್ದೂ ಅಲ್ಲ.

ಎಂಬತ್ತರ ದಶಕದ ಬ್ಯಾಂಕ್ ಶಾಖೆ ನೆನಪಿರುವವರಿಗೆ ಆ ಲೆಡ್ಜರ್‌ಗಳು ನೆನಪಿರುತ್ತವೆ. ಎರಡೂ ಕೈಯಲ್ಲಿ ಎತ್ತಬೇಕಾದ ದಪ್ಪ ಪುಸ್ತಕ. ಸಂಜೆ ಲೆಕ್ಕ ತಾಳೆ ಆಗುವವರೆಗೆ ಯಾರೂ ಮನೆಗೆ ಹೋಗುವ ಹಾಗಿಲ್ಲ. ಉದ್ದದ ಕಾಲಂ ಮೇಲೆ ಪೆನ್ಸಿಲ್ ಓಡಿಸುತ್ತಾ ಬಾಯಲ್ಲೇ ಕೂಡಿ ಮೊತ್ತ ಹೇಳುವ ಗುಮಾಸ್ತರಿಗೆ ಶಾಖೆಯಲ್ಲಿ ಬೇರೆಯದೇ ಗೌರವ. ಕೆನರಾ, ವಿಜಯಾದಂಥ ಬ್ಯಾಂಕುಗಳ ಕೇಂದ್ರ ಕಚೇರಿ ಇದ್ದ ಬೆಂಗಳೂರಿನಲ್ಲಿ ಇಂಥವರು ಬೀದಿಗೊಬ್ಬರು ಸಿಗುತ್ತಿದ್ದರು.

ಕಂಪ್ಯೂಟರ್ ಬರುತ್ತದೆ ಅಂದಾಗ ದೇಶದ ಬ್ಯಾಂಕ್ ನೌಕರರ ಸಂಘಗಳು ಬಲವಾಗಿ ವಿರೋಧಿಸಿದವು. ಕೆಲಸ ಹೋಗುತ್ತದೆ ಅನ್ನೋದು ಮುಖ್ಯ ಭಯ. ಕೊನೆಗೆ 1983ರಲ್ಲಿ ಬ್ಯಾಂಕ್ ಆಡಳಿತಗಳಿಗೂ ಸಂಘಗಳಿಗೂ ಒಪ್ಪಂದ ಆಗಿ ಯಂತ್ರಗಳು ಮಿತಿಯೊಳಗೆ ಬಂದವು. ಅವುಗಳ ಹೆಸರು ನೋಡಿ: 'ಅಡ್ವಾನ್ಸ್ಡ್ ಲೆಡ್ಜರ್ ಪೋಸ್ಟಿಂಗ್ ಮಷೀನ್'. ಕಂಪ್ಯೂಟರ್ ಅನ್ನುವ ಪದವೇ ಇಲ್ಲ. ಲೆಡ್ಜರ್ ಬರೆಯುವ ಮಷೀನ್ ಅಷ್ಟೇ, ಗಾಬರಿ ಬೇಡ ಅನ್ನುವ ಧಾಟಿ. ಯಂತ್ರ ನಡೆಸುವವರಿಗೆ ವಿಶೇಷ ಭತ್ಯೆಯೂ ಬಂತು. ಅಲ್ಲಿಂದ ಪೂರ್ತಿ ಗಣಕೀಕರಣಕ್ಕೆ ಇನ್ನೂ ಹತ್ತಿಪ್ಪತ್ತು ವರ್ಷ ಹಿಡಿಯಿತು.

ಇಪ್ಪತ್ತು ವರ್ಷ ಕಲಿತ ಕೈಚಳಕಕ್ಕೆ ಒಂದೇ ದಿನದಲ್ಲಿ ಬೆಲೆ ಇಲ್ಲದಾದರೆ, ನಿನ್ನೆ ಸೇರಿದ ಹುಡುಗನ ಹತ್ತಿರ ಹೋಗಿ "ಇದನ್ನ ಸ್ವಲ್ಪ ಹೇಳಿಕೊಡಪ್ಪಾ" ಅನ್ನಬೇಕಾದರೆ, ಮನಸ್ಸು ಒಪ್ಪುವುದಿಲ್ಲ. ಇದನ್ನು ಬೇಡಿಕೆ ಪಟ್ಟಿಯಲ್ಲಿ ಬರೆಯುವ ಹಾಗೂ ಇಲ್ಲ. ಹಾಗಾಗಿ ಅದು ಬೇರೆ ಯಾವುದೋ ತಕರಾರಿನ ರೂಪದಲ್ಲಿ ಹೊರಗೆ ಬರುತ್ತದೆ.

ಕೊಡಬೇಕಾದವರೇ ಜಾರಿ ಮಾಡಬೇಕಾದಾಗ

ರಾಜಕೀಯ ಸುಧಾರಣೆಯಲ್ಲಿ ಒಂದು ವಿಚಿತ್ರ ಇದೆ. ಯಾರ ಅಧಿಕಾರ ಕಡಿಮೆ ಆಗಬೇಕೋ ಅವರೇ ಕಾನೂನು ಮಾಡಬೇಕು. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂತು. ನಗರ ಯೋಜನೆ, ನೀರು, ಕಸ ಸೇರಿ 18 ವಿಷಯಗಳನ್ನು ನಗರಾಡಳಿತಕ್ಕೆ ವಹಿಸಬಹುದು ಅಂತ ಅದರ ಪಟ್ಟಿ ಹೇಳುತ್ತದೆ. ಆದರೆ ವಹಿಸಬೇಕಾದದ್ದು ರಾಜ್ಯ ಸರ್ಕಾರ. ಬೆಂಗಳೂರಿನಲ್ಲಿ ನೀರು ಜಲಮಂಡಳಿಯದ್ದು, ಬಡಾವಣೆ ಬಿಡಿಎಯದ್ದು, ಬಸ್ಸು ಬಿಎಂಟಿಸಿಯದ್ದು. ಎಲ್ಲವೂ ರಾಜ್ಯದ ಕೈಕೆಳಗೆ. ಪಕ್ಷ ಯಾವುದೇ ಬರಲಿ, ಇದು ಹೆಚ್ಚು ಬದಲಾಗಲಿಲ್ಲ.

ಕೆಳಗಿನ ಹಂತದಲ್ಲೂ ಅದೇ ಕಥೆ. ವಾರ್ಡ್ ಸಮಿತಿ ಬಂದರೆ ಕಾರ್ಪೊರೇಟರ್ ನಿವಾಸಿಗಳಿಗೆ ಲೆಕ್ಕ ಕೊಡಬೇಕು. ಬಲವಾದ ಕಾರ್ಪೊರೇಟರ್ ಇದ್ದರೆ ಶಾಸಕರ ಹಿಡಿತ ಸಡಿಲ ಆಗುತ್ತದೆ. ಬಿಬಿಎಂಪಿ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ, ಬಿಬಿಎಂಪಿ ಇದ್ದಷ್ಟು ದಿನವೂ ಮತ್ತೆ ಚುನಾವಣೆ ನಡೆಯಲಿಲ್ಲ. ನಡೆಯಬಾರದು ಅಂತ ಯಾವ ಪಕ್ಷವೂ ಹೇಳಿದ್ದಿಲ್ಲ. ವಾರ್ಡ್ ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟ್ ಕೇಸು, ಹೊಸ ಮಸೂದೆ ಅಂತ ಒಂದಾದ ಮೇಲೊಂದು ಬಂತು, ಅಷ್ಟೇ.

ಸದ್ದಿಲ್ಲದ ವಿರೋಧ

ಧರಣಿ, ಘೋಷಣೆ ಕಣ್ಣಿಗೆ ಕಾಣುತ್ತದೆ. ಅದರ ಜೊತೆ ಮಾತುಕತೆ ಆದರೂ ಆಗುತ್ತದೆ. ಸುಧಾರಣೆಯನ್ನು ನಿಜವಾಗಿ ಮುಳುಗಿಸುವುದು ಯಾರೂ ಬೇಡ ಅನ್ನದ ವಿರೋಧ. "ಸುತ್ತೋಲೆ ಇನ್ನೂ ಬಂದಿಲ್ಲ", "ಸರ್ವರ್ ಡೌನ್", "ಸಾಹೇಬ್ರು ಮೀಟಿಂಗ್‌ಗೆ ಹೋಗಿದಾರೆ".

ಸಕಾಲ ಯೋಜನೆಯನ್ನೇ ನೋಡಿ. ಇಂತಿಷ್ಟು ದಿನದಲ್ಲಿ ಸೇವೆ ಕೊಡಲೇಬೇಕು ಅಂತ 2011ರ ಕಾಯ್ದೆ ಹೇಳುತ್ತದೆ. ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಆದರೆ ಗಡುವಿನೊಳಗೆ ಅರ್ಜಿ ತಿರಸ್ಕರಿಸಿದರೂ ಲೆಕ್ಕದಲ್ಲಿ ಅದು 'ವಿಲೇವಾರಿ'. ಸೇವೆ ಕೊಡಲು ಮನಸ್ಸಿಲ್ಲದವರಿಗೆ ಕಾನೂನು ಮುರಿಯುವ ಅಗತ್ಯವೇ ಇಲ್ಲ. ಒಂದು ದಾಖಲೆ ಕಡಿಮೆ ಇದೆ ಅಂತ ಷರಾ ಬರೆದರೆ ಸಾಕು.

ಇನ್ನೂ ಹಳೆಯದು ಬೇಕಾದರೆ ಭೂ ಸುಧಾರಣೆ ಇದೆ. ರಾಜ್ಯದ ಭೂ ಸುಧಾರಣಾ ಕಾಯ್ದೆ 1961ರದ್ದು. ಜಾರಿಗೆ ಬಂದಿದ್ದು 1965ರ ಅಕ್ಟೋಬರ್ 2ರಂದು. ನಡುವಿನ ಆ ವರ್ಷಗಳು ಒಡೆಯರಿಗೆ ಸಿಕ್ಕ ಪುಕ್ಕಟೆ ಸಮಯ. ಗೇಣಿದಾರರು ತಾವಾಗಿಯೇ ಜಮೀನು ಬಿಟ್ಟುಕೊಟ್ಟರು ಅಂತ ಬರೆಸಿಕೊಳ್ಳುವುದು, ನೆಂಟರಿಷ್ಟರ ಹೆಸರಿಗೆ ಮಾಡಿಸುವುದು ನಡೆಯಿತು. ದೇವರಾಜ ಅರಸು ಸರ್ಕಾರದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಮೇಲೆಯೇ, ಅದೂ ತಾಲ್ಲೂಕು ಮಟ್ಟದ ಭೂ ನ್ಯಾಯ ಮಂಡಳಿಗಳು ಬಂದ ಮೇಲೆ, 'ಉಳುವವನೇ ಹೊಲದೊಡೆಯ' ಅನ್ನೋದಕ್ಕೆ ಹಲ್ಲು ಬಂದಿದ್ದು.

ವಿರೋಧಿಸುವವರೆಲ್ಲ ಸ್ವಾರ್ಥಿಗಳಾ?

ಅಲ್ಲ. ಇದಕ್ಕೆ ಮೈಸೂರು ಸಂಸ್ಥಾನದಲ್ಲೇ ಒಂದು ಕುತೂಹಲದ ಪ್ರಸಂಗ ಇದೆ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಸರ್ಕಾರಿ ಕೆಲಸದಲ್ಲಿ ಬ್ರಾಹ್ಮಣರ ಸಂಖ್ಯೆಯೇ ಬಹಳ ಹೆಚ್ಚಿತ್ತು. ಉಳಿದ ಸಮುದಾಯಗಳಿಗೆ ಪಾಲು ಸಿಗುವಂತೆ ಮಾಡುವುದು ಹೇಗೆ ಅನ್ನೋದು ಪ್ರಶ್ನೆ. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರನೇ ಎರಡು ಭಾಗ ಅವರಿಗೆ ಸಿಗಬೇಕು ಅಂತ ಸಮಿತಿ ಹೇಳಿತು. ಆಗ ದಿವಾನರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯ. ಅರ್ಹತೆಯ ಮಾನದಂಡ ಸಡಿಲವಾದರೆ ಆಡಳಿತದ ದಕ್ಷತೆ ಕೆಡುತ್ತದೆ ಅನ್ನುವುದು ಅವರ ನಿಲುವು. ಅದೇ ವರ್ಷದ ಕೊನೆಗೆ ಅವರು ದಿವಾನಗಿರಿ ಬಿಟ್ಟರು.

ಮೈಸೂರು ಬ್ಯಾಂಕ್, ಮೈಸೂರು ವಿಶ್ವವಿದ್ಯಾಲಯ ತಂದವರು, ಸಂಸ್ಥಾನದ ಚಹರೆಯನ್ನೇ ಬದಲಿಸಿದವರು, ಇನ್ನೊಂದು ಸುಧಾರಣೆಯ ಎದುರು ನಿಂತರು. ಅವರಿಗೆ ಸ್ವಂತ ಲಾಭದ ಆಸೆ ಇತ್ತು ಅಂತ ಅವರನ್ನು ಟೀಕಿಸುವವರೂ ಹೇಳುವುದಿಲ್ಲ. ಒಳ್ಳೆಯ ಆಡಳಿತ ಅಂದರೆ ಏನು ಅನ್ನುವುದರಲ್ಲೇ ಭೇದ ಇತ್ತು. ದಕ್ಷತೆ ಮೊದಲೋ, ಪಾಲು ಮೊದಲೋ?

ಜಿಬಿಎ ಬಗ್ಗೆ ಬಂದ ತಕರಾರುಗಳಲ್ಲೂ ಇಂಥ ಎಳೆ ಇದೆ. "ಕೆಂಪೇಗೌಡರು ಕಟ್ಟಿದ ಊರನ್ನು ಒಡೆಯಬೇಡಿ" ಅನ್ನೋದು ಭಾವನೆಯ ಮಾತು. ಐದು ಪಾಲಿಕೆ ಆದರೆ ಕೆಲವು ಕಡೆ ಕನ್ನಡದ ದನಿ ಕುಗ್ಗುತ್ತದೆ ಅನ್ನೋದು ಗುರುತಿನ ಭಯ. ಐಟಿ ಕಂಪನಿಗಳಿರುವ ಮಹದೇವಪುರದ ಕಡೆಗೆ ತೆರಿಗೆ ಜಾಸ್ತಿ, ಉಳಿದವರ ಗತಿ ಏನು ಅನ್ನೋದು ಹಣದ ಪ್ರಶ್ನೆ. ಮುಖ್ಯಮಂತ್ರಿಯೇ ಪ್ರಾಧಿಕಾರದ ಅಧ್ಯಕ್ಷರಾದರೆ 74ನೇ ತಿದ್ದುಪಡಿಯ ಆಶಯಕ್ಕೆ ಏನಾಗುತ್ತದೆ ಅನ್ನೋದು ತತ್ವದ ಪ್ರಶ್ನೆ. ಪರವಾಗಿರುವವರ ಉತ್ತರವೂ ಇದೆ: ಜಲಮಂಡಳಿ, ಬೆಸ್ಕಾಂ, ಮೆಟ್ರೋ ಎಲ್ಲ ಒಂದೇ ಮೇಜಿನ ಸುತ್ತ ಕೂರಬೇಕಾದರೆ ಆ ಮಟ್ಟದ ಅಧ್ಯಕ್ಷರೇ ಬೇಕು. ಇಲ್ಲಿ ಇನ್ನೊಂದು ತಮಾಷೆ ಇದೆ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಸೇರಿಸಿ ಬಿಬಿಎಂಪಿ ಮಾಡಿದಾಗ ಒಟ್ಟುಗೂಡಿಸುವುದೇ ಸುಧಾರಣೆ ಆಗಿತ್ತು. 2025ರಲ್ಲಿ ಬಿಡಿಸುವುದು ಸುಧಾರಣೆ ಆಯಿತು. ಜನ ಅನುಮಾನ ಪಟ್ಟರೆ ಅದರಲ್ಲಿ ಅವರ ತಪ್ಪೇನೂ ಕಾಣುವುದಿಲ್ಲ.

ಕೆಲವು ಮಾತ್ರ ಉಳಿಯುವುದು ಯಾಕೆ?

ಜಾರಿಗೆ ಬಂದ ಸುಧಾರಣೆ ಉಳಿಯುತ್ತದೆ ಅಂತೇನೂ ಇಲ್ಲ. 1999ರಲ್ಲಿ ಎಸ್.ಎಂ. ಕೃಷ್ಣ ಸರ್ಕಾರ ಬೆಂಗಳೂರು ಅಜೆಂಡಾ ಟಾಸ್ಕ್ ಫೋರ್ಸ್ ಮಾಡಿತು. ನಂದನ್ ನಿಲೇಕಣಿ ಅದರ ಮುಖ್ಯಸ್ಥರು. ಪಾಲಿಕೆ, ಜಲಮಂಡಳಿ ಮೊದಲಾದ ಸಂಸ್ಥೆಗಳು ಏನು ಮಾಡಿದವು ಅಂತ ಜನರ ಮುಂದೆ ಬಂದು ಹೇಳಬೇಕಾಗುತ್ತಿತ್ತು. ಆದರೆ ಕೆಲವು ಗಣ್ಯರು ಸೇರಿ ಊರು ನಡೆಸುತ್ತಾರೆ, ಚುನಾಯಿತರಿಗೆ ಬೆಲೆ ಇಲ್ಲ ಅನ್ನುವ ಟೀಕೆಯೂ ಬಂತು. 2004ರಲ್ಲಿ ಸರ್ಕಾರ ಬದಲಾಯಿತು, ಟಾಸ್ಕ್ ಫೋರ್ಸ್ ಅಲ್ಲಿಗೇ ನಿಂತಿತು. ಅದನ್ನು ಉಳಿಸಿ ಅಂತ ಯಾವ ಬಡಾವಣೆಯೂ ಬೀದಿಗೆ ಬರಲಿಲ್ಲ.

ಅದೇ ಕಾಲದ ಇನ್ನೊಂದು ಬದಲಾವಣೆಯ ಗತಿ ಬೇರೆ. 2000ಕ್ಕೆ ಮೊದಲು ಮನೆ ಕಂದಾಯ ನಿಗದಿ ಮಾಡುವವರು ಪಾಲಿಕೆಯ ಸಿಬ್ಬಂದಿ. ಮನೆಗೆ ಎಷ್ಟು ಬಾಡಿಗೆ ಬರಬಹುದು ಅಂತ ಅವರು ಅಂದಾಜು ಮಾಡಬೇಕು, ಆ ಅಂದಾಜಿನಲ್ಲಿ ಚೌಕಾಸಿಗೆ ಬೇಕಾದಷ್ಟು ಜಾಗ. 2000ದಲ್ಲಿ ಸ್ವಯಂ ಘೋಷಣೆ ಪದ್ಧತಿ ಬಂತು. ಯಾವ ವಲಯ, ಎಷ್ಟು ಚದರಡಿ, ಎಂಥ ಕಟ್ಟಡ ಅಂತ ನೋಡಿ ಮಾಲೀಕರೇ ಲೆಕ್ಕ ಹಾಕಿ ಕಟ್ಟಬಹುದು. ಮುಖ್ಯವಾದ ಮಾತು, ಆಗ ಅದು ಕಡ್ಡಾಯ ಆಗಿರಲಿಲ್ಲ. ಹಳೆಯ ದಾರಿಯೇ ಬೇಕು ಅನ್ನುವವರು ಅದರಲ್ಲೇ ಇರಬಹುದಿತ್ತು. ಹಾಗಾಗಿ ಜಗಳಕ್ಕೆ ಹೆಚ್ಚು ಕಾರಣ ಸಿಗಲಿಲ್ಲ.

ಆಮೇಲೆ ಲೆಕ್ಕದ ವಿಧಾನ ಬದಲಾಯಿತು. 2008ರಲ್ಲಿ ಚದರಡಿ ದರದ ಪದ್ಧತಿ ಬಂತು. ಫಾರಂ ಹೋಗಿ ವೆಬ್‌ಸೈಟ್ ಬಂತು. ದರ ಏರಿದಾಗಲೆಲ್ಲ ಜನ ಬೈದರು, ಈಗಲೂ ಬೈಯುತ್ತಾರೆ. ಆದರೆ ಕಂದಾಯ ನಿಗದಿಗೆ ಮತ್ತೆ ಮನೆಗೇ ಇನ್‌ಸ್ಪೆಕ್ಟರ್ ಬರಲಿ ಅಂತ ಕೇಳುವವರು ಇಲ್ಲ. ಟಾಸ್ಕ್ ಫೋರ್ಸ್‌ಗೆ ಮೆಚ್ಚುವವರಿದ್ದರು, ಈ ಪದ್ಧತಿಗೆ ಪ್ರತಿ ವರ್ಷ ಅದನ್ನು ಬಳಸುವ ಲಕ್ಷಾಂತರ ಮಾಲೀಕರಿದ್ದಾರೆ. ಐದು ಹೊಸ ಪಾಲಿಕೆಗಳಿಗೆ ಅಂಥ ಬಳಕೆದಾರರು ಹುಟ್ಟಬೇಕಾದರೆ ಕೌನ್ಸಿಲ್ ಕೂರಬೇಕು, ವಾರ್ಡ್ ಸಮಿತಿ ಸೇರಬೇಕು, ದೂರು ಕೊಟ್ಟ ಮೋರಿ ಹತ್ತಿರದ ಕಚೇರಿಯಿಂದಲೇ ಸರಿಯಾಗಬೇಕು.